ಹದಿನೆಂಟು ಹೆಜ್ಜಿ ಆಚೆ ಫೋನು

ಸ್ವಲ್ಪ ಕುಂತು ಕೇಳ್ರಿ. ಬಸ್ಸಿಗೆ ಹೊತ್ತಾತು, ಎಮ್ಮಿ ಹಿಂಡಬೇಕು ಅಂತ ಅರ್ಧಕ್ಕ ಎದ್ದು ಹೋಗಬ್ಯಾಡ್ರಿ. ಒಂದು ಹೊಲಿಗಿ ಮಿಷನ್ನು, ಒಂದು ಫೋನು, ಒಬ್ಬ ಹೆಣ್ಮಗಳು. ಇಷ್ಟಾ. ಪೂರ್ತಿ ಕೇಳ್ರಿ, ಆಮ್ಯಾಲ ಬೇಕಾದ್ರ ನನ್ನ ಜೋಡಿ ಜಗಳಕ್ಕ ಬರ್ರಿ.

ಎಂಬತ್ತೊಂಬತ್ತನೇ ಇಸವಿ. ಕುರುಗೋಡು ದಾಟಿ ಸಿರುಗುಪ್ಪ ಕಡೆ ಬಂದ್ರ ಕಾಲುವಿ ಬಾಜೂಕ ಒಂದು ಊರು. ಹೆಸರು ಹೇಳಂಗಿಲ್ಲ. ಹೇಳಿದ್ರ ನೀವು "ಓ, ಆ ಊರಾ, ಅಲ್ಲಿ ಮಂದಿ ಹಂಗಾ ಬಿಡ್ರಿ" ಅಂತ ಕೈ ತೊಳಕೊಂಡು ಬಿಡ್ತೀರಿ. ನಿಮ್ಮೂರು ಅಂತ ತಿಳ್ಕೊಂಡು ಕೇಳ್ರಿ.

ಊರಿಗೆಲ್ಲಾ ಒಂದಾ ಫೋನು. ಅದು ತಿಪ್ಪೇರುದ್ರಪ್ಪನ ಮನ್ಯಾಗ. ಆತ ಭತ್ತದ ಸಾವ್ಕಾರ, ಮಂಡಲ ಪಂಚಾಯ್ತಿ ಮೆಂಬರು, ಬಿಳೇ ಜೀಪಿನ ಒಡೆಯ. ಕರೀ ಫೋನನ್ನ ಪಡಸಾಲಿ ಗೂಡಿನಾಗ ಇಟ್ಟು, ಧೂಳು ಕುಂದ್ರಬಾರ್ದು ಅಂತ ಮ್ಯಾಲ ಒಂದು ಜಾಲರಿ ಬಟ್ಟಿ ಹೊಚ್ಚಿದ್ರು. ಆ ಜಾಲರಿ ಹೊಲಿದಾಕಿ ಹುಲುಗಮ್ಮ. ಮಾದರ ಕೇರಿಯಾಕಿ. ಅಕಿ ಹೊಲಿದ ಬಟ್ಟಿ ಹಗಲೂ ರಾತ್ರಿ ಫೋನ್ ಮುಟ್ಟಬಹುದು. ಅಕಿ ಮುಟ್ಟಂಗಿಲ್ಲ.

ಊರಾಗ ಯಾರಿಗೆ ಫೋನ್ ಬರಬೇಕಾದ್ರೂ ಅದಾ ನಂಬರ. ಲಗ್ನಪತ್ರಿಕಿ ಮ್ಯಾಲ ನಂಬರ ಹಾಕಿ ಮುಂದ 'ಪಿ.ಪಿ.' ಅಂತ ಅಚ್ಚು ಹಾಕಿಸ್ತಿದ್ರು. ಅಂದ್ರ ಫೋನ್ ನಮ್ದಲ್ಲ, ಕರದು ಕೊಡ್ತಾರ ಅಂತ ಅರ್ಥ. ಬಳ್ಳಾರಿಯಿಂದ ಮಾಡೋರೂ ಎಕ್ಸ್‌ಚೇಂಜಿನಾಗ "ಇಂಥವ್ರನ್ನ ಕರೀರಿ" ಅಂತ ಹೆಸರು ಹೇಳಿ ಪಿ.ಪಿ. ಕಾಲ್ ಬುಕ್ ಮಾಡ್ತಿದ್ರು. ಆ ಮನಶ್ಯಾ ಬಂದು ಮಾತಾಡಿದ್ರ ಪೂರಾ ಬಿಲ್ಲು, ಬರಲಿಲ್ಲಂದ್ರ ಇಲ್ಲ.

ಊರ ಮಂದಿ ಒಳಗ ಹೋಗಿ ಕಿವಿಗೆ ಹಚ್ಕೊಂಡು ಮಾತಾಡ್ತಿದ್ರು. ಕೇರಿಯವ್ರು ಚರಂಡಿ ಆಚೆ ಬೇವಿನ ಗಿಡದ ಬುಡಕ್ಕ ನಿಂದ್ರಬೇಕು. ಗೂಡಿನಿಂದ ಗಿಡಕ್ಕ ಹದಿನೆಂಟು ಹೆಜ್ಜಿ. ಒಳಗ ಫೋನ್ ಹಿಡಕೊಂಡವ್ರು ಆ ಕಡೆ ಏನಂದ್ರು ಅಂತ ಒದರಬೇಕು, ಇವ್ರು ಗಿಡದ ಬುಡದಿಂದ ತಿರುಗಿ ಒದರಬೇಕು, ಅವ್ರು ಅದನ್ನ ಫೋನಿನಾಗ ಹೇಳಬೇಕು. ಜೋಗಪ್ಪನ ಮಗ ಪುಣೇದಾಗ ಕಟ್ಟಡದ ಮ್ಯಾಲಿಂದ ಬಿದ್ದು ಸತ್ತಾಗ ಆ ಸುದ್ದಿ ಮೊದ್ಲು ಪಡಸಾಲಿಗೆ ಗೊತ್ತಾತು, ಆಮ್ಯಾಲ ಓಣಿಗೆ, ಕಡೀಕ ಗಿಡದ ಬುಡಕ ನಿಂತಿದ್ದ ಜೋಗಪ್ಪಗ. ಮುದುಕ ಅಲ್ಲೇ ಬೀದ್ಯಾಗ ಕುಂತು ಎದಿ ಎದಿ ಬಡ್ಕೊಂಡ. ಫೋನ್ ಕಿವಿಗೆ ಕೊಡ್ರಿ ಅಂತ ಕೇಳಲಿಲ್ಲ. ಕೇಳೋದು ಅಂತ ಒಂದು ಐತಿ ಅನ್ನೋದಾ ಗೊತ್ತಿದ್ದಿಲ್ಲ.

ಈಗ ಹುಲುಗಮ್ಮನ ಹೇಳ್ತೀನಿ. ಇಪ್ಪತ್ತಾರು ವರ್ಷ. ಏಳನೇತ್ತ ಓದ್ಯಾಳ. ಗಂಡ ಇಲ್ಲ. ಅವ್ವ ಗಿಡ್ಡಮ್ಮಗ ಎರಡೂ ಕಣ್ಣಿಗೆ ಪೊರಿ. ಹುಲುಗಮ್ಮ ಹನ್ನೆರಡು ವರ್ಷದಾಕಿ ಇದ್ದಾಗಿಂದ ಸಿರುಗುಪ್ಪ ಕಡೆ ಗದ್ದಿಗೆ ನಾಟಿ ಹಚ್ಚಾಕ ಹೋದಾಕಿ. ಮೊಣಕಾಲ್ತನಕ ಕೆಸರು. ಮುಂಜಾನಿಂದ ಸಂಜೀತನಕ ಬಗ್ಗಿದ ಬೆನ್ನು. ಬೆರಳ ಸಂದ್ಯಾಗ ಕೆಸರು ತಿಂದು ಹುಣ್ಣಾಗಿ, ಉಣ್ಣಾಕ ಕುಂತ್ರ ಉಪ್ಪು ಖಾರ ತಾಗಿ ಕಣ್ಣಾಗ ನೀರು. ಆ ಕೈ ನೋಡಿ ಕುರುಗೋಡಿನ ಟೇಲರ್ ನಬೀಸಾಬ್ ಹೊಲಿಗಿ ಕಲಿಸಿದ. ಆತಗ ಕೈ ನಡುಗಾಕ ಹತ್ತಿದ ಮ್ಯಾಲ ತನ್ನ ಹಳೇ ಕೈಮಿಷನ್ನೂ ಅಕಿಗೇ ಕೊಟ್ಟ. "ತಗೋ ಬೇಟಿ, ತಿರುವಿದಷ್ಟು ಅನ್ನ ಐತಿ ಇದ್ರಾಗ" ಅಂದ. ಗಿಡ್ಡಮ್ಮ ಗಾಲಿಗೆ ಒಂದು ಕೆಂಪು ದಾರ ಕಟ್ಟಿದ್ಲು, ಕೈಲಿ ಮುಟ್ಟಿ ಗುರ್ತು ಹಿಡ್ಯಾಕ.

ಬಲಗೈಲೆ ಗಾಲಿ ತಿರುವಬೇಕು, ಎಡಗೈಲೆ ಬಟ್ಟಿ ದೂಡಬೇಕು. ಸಂಜಿ ಆಗೋದ್ರಾಗ ಭುಜ ಕಲ್ಲು. ಆದ್ರೂ ಕೆಸರಿಲ್ಲ, ಮೇಸ್ತ್ರಿ ಬೈಗುಳಿಲ್ಲ, ನೆರಳಿನಾಗ ಕೆಲಸ. ಮ್ಯಾಲಿನ ಓಣಿ ಹೆಣ್ಮಕ್ಳ ಜಂಪರ್ ಎಲ್ಲಾ ಅಕೀನಾ ಹೊಲೀತಿದ್ಲು. ಮೈ ಅಳತಿ ತಗೊಳ್ಳಂಗಿಲ್ಲ. ಹಳೇ ಜಂಪರ್ ಒಂದು ಕಟ್ಟಿ ಮ್ಯಾಲ ಒಗೀತಿದ್ರು, ಅದನ್ನ ನೋಡಿ ಹೊಲೀಬೇಕು. ಹೊಲದು ತಂದು ಕಟ್ಟಿ ಮ್ಯಾಲ ಇಡಬೇಕು. ನೀರು ಚಿಮುಕಿಸಿ ಒಳಗ ಒಯ್ತಿದ್ರು. ಆಮ್ಯಾಲ ಅದನ್ನ ಮೈಗೆ ಹಾಕ್ಕೊಂತಿದ್ರು. ಮೈಗೆ ಹತ್ತಿದ್ರ ಮೈಲಿಗಿ ಇಲ್ಲ ನೋಡ್ರಿ. ಫೋನಿಗೆ ಹತ್ತಿದ್ರ ಮೈಲಿಗಿ!

ಅಕಿಗೆ ಒಂದು ಆಸಿ ಇತ್ತು. ಕಾಲಿನ ಮಿಷನ್ನು. ಕಾಲಿಲೆ ತುಳದ್ರ ಎರಡೂ ಕೈ ಖಾಲಿ, ಭುಜಕ್ಕ ಆರಾಮು. ಬಳ್ಳಾರಿಯಾಗ ಒಂದು ಮಿಷನ್ ಅಂಗಡಿಯಾಗ ಕೇಳಿದ್ಲು. ಹಳೇ ಕಾಲಿನ ಮಿಷನ್ ಬಂದ್ರ ತಿಳಸ್ತೀವಿ, ಹೆಸರು ಬರಸು ಅಂದ್ರು. ಬರಸಿದ್ಲು. ಫೋನ್ ನಂಬರು? ಎಲ್ಲಾರೂ ಕೊಡೋ ನಂಬರಾ ಕೊಟ್ಲು. ಮುಂದ ಪಿ.ಪಿ.

ಎರಡು ತಿಂಗಳು ಬಿಟ್ಟು ಒಂದಿನ ಮುಂಜಾನಿ ಓಣಿಯಾಗ ಕೂಗು.

"ಏಯ್ ಹುಲುಗೀ! ಬಳ್ಳಾರಿಯಿಂದ ಫೋನು!"

ಸೆರಗಿಗೆ ಸೂಜಿ ಚುಚ್ಕೊಂಡಾಕಿ ಹಂಗಾ ಓಡಿ ಬಂದು ಗಿಡದ ಬುಡಕ ನಿಂತ್ಲು. ಒಳಗ ಸಾವ್ಕಾರನ ಹೇಣ್ತಿ ದಾಕ್ಷಾಯಣಮ್ಮ ಫೋನ್ ಹಿಡದಿದ್ಲು.

"ಮಿಷನ್ ಅಂಗಡಿಯವ್ರಂತಬೇ! ಕರೆಂಟ್ ಮಿಷನ್ ಬಂದೈತಂತ! ನಿನ್ನ ಹಳೇದು ಕೊಟ್ರ ಹೊಸಾದು ಕೊಡ್ತಾರಂತ, ಉಳಿದದ್ದು ಕಂತಿನ ಮ್ಯಾಲ! ಏನ್ ಹೇಳ್ಲಿ?"

"ಬ್ಯಾಡ್ರೀ ಅವ್ವಾರ! ಕೇರಿಗೆ ಕರೆಂಟಿಲ್ಲ! ನಾ ಕೇಳಿದ್ದು ಕಾಲಿಂದು! ಇದು ಬ್ಯಾಡ ಅನ್ರಿ!"

ಕೇಳಿಸ್ತು ದಾಕ್ಷಾಯಣಮ್ಮಗ. ಚೊಲೋತ್ನಾಗಿ ಕೇಳಿಸ್ತು. ಆದ್ರ ಆ ಕಡೆ ಅಂಗಡಿಯಾತ ಬಿಡವಲ್ಲ. ಇವತ್ತಾ ಕಡೀ ದಿನ, ನಾಳಿ ರೇಟ್ ಏರತೈತಿ, ಅಂಥಾ ಮಿಷನ್ನು ಇಂಥಾ ಮಿಷನ್ನು ಅಂತ ಹೇಳಿದ್ದಾ ಹೇಳಾಕತ್ತಿದ್ದ. ಇತ್ಲಾಗ ಒಲಿ ಮ್ಯಾಲ ಹಾಲು ಉಕ್ಕಾಕ ಬಂದಿತ್ತು. "ಹೂಂ ಹೂಂ, ಬೇಕಂತ, ಕಳಸ್ರಿ" ಅಂದು ಫೋನ್ ಇಟ್ಟಳು.

"ಅವ್ವಾರ! ಬ್ಯಾಡ ಅಂದೆನಲ್ರೀ!"

"ಸುಮ್ನಿರಬೇ. ಹೊಸಾದು ಬಂದ್ರ ನಿನಗಾ ಒಳ್ಳೇದು. ನಿನಗೇನ್ ತಿಳೀತೈತಿ?"

"ತಿರುಗಿ ಒಂದು ಫೋನ್ ಮಾಡಿ ಹೇಳ್ರೀ, ಕಾಲಿಗೆ ಬೀಳ್ತೀನಿ."

"ಮಾಡಾಕ ನಿಮ್ಮಪ್ಪ ಬಂದು ರೊಕ್ಕ ಕೊಡ್ತಾನೇನು?" ಅಂದು ಒಳಗ ಓಡಿದ್ಲು. ಹಾಲು ಉಳಿಸ್ಕೊಂಡ್ಲು.

ಹತ್ತು ದಿನ ಆತು. ಹುಲುಗಮ್ಮ ದಾರ, ಹುಕ್ಕು ತರಾಕ ಕುರುಗೋಡಿಗೆ ಹೋಗಿದ್ಲು. ತಿರುಗಿ ಬಂದು ನೋಡ್ತಾಳ, ಗಿಡ್ಡಮ್ಮ ಬಾಗಿಲಾಗ ಕುಂತು ಗಾಳ್ಯಾಗ ಕೈ ಆಡಸಾಕತ್ಯಾಳ. "ದಾರ ಸಿಗವಲ್ದಬೇ, ಕೆಂಪು ದಾರ ಸಿಗವಲ್ದು." ಟೆಂಪೋದಾಗ ಇಬ್ರು ಬಂದಿದ್ರಂತ. ನಿನ್ನ ಮಗಳು ಫೋನಿನಾಗ ಒಪ್ಯಾಳ ಅಂದ್ರಂತ. ಕಣ್ಣಿಲ್ಲದಾಕಿ ಹೆಬ್ಬಟ್ಟು ಒತ್ತಿಸ್ಕೊಂಡು, ಹಳೇ ಮಿಷನ್ ಹೊತ್ಕೊಂಡು ಹೋಗಿದ್ರು. ಮೂಲ್ಯಾಗ ಹೊಸಾದು ಕುಂತಿತ್ತು. ಥಳಥಳ. ಕೈಹಿಡಿ ಇಲ್ಲ, ಕಾಲಿಲೆ ತುಳಿಯೋ ಹಲಗಿ ಇಲ್ಲ. ಹಿಂದ ಒಂದು ಕರೇ ವಯರು, ವಯರಿನ ತುದಿಗೆ ಪಿನ್ನು. ಚುಚ್ಚಾಕ ಕೇರಿಯಾಗ ಒಂದು ತೂತಿಲ್ಲ. ಕರೆಂಟಿನ ಕಂಬ ಮ್ಯಾಲಿನ ಓಣಿಗೇ ನಿಂತಿತ್ತು.

ಮರುದಿನಾ ಬಳ್ಳಾರಿಗೆ ಹೋದ್ಲು. ಅಂಗಡಿ ಒಡೆಯ ಕೊಟ್ರಬಸಪ್ಪ ಫ್ಯಾನಿನ ಕೆಳಗ ಕುಂತಿದ್ದ.

"ನಾ ಬ್ಯಾಡ ಅಂದಿದ್ದೆ ರೀ. ನನ್ನ ಮಿಷನ್ ನನಗ ಕೊಡ್ರಿ."

"ಬ್ಯಾಡ ಅಂದಿ? ಯಾರ ಮುಂದ? ನೀನಾ ಮಾತಾಡಿ ಬೇಕು ಅಂದಿ. ನೋಡಿಲ್ಲಿ, ಟೆಲಿಫೋನ್ ಬಿಲ್ಲು. ಪಿ.ಪಿ. ಕಾಲು, ಹೆಸರು ಹುಲುಗಮ್ಮ, ನಾಕು ನಿಮಿಷ. ನೀ ಬಂದು ಮಾತಾಡಲಿಲ್ಲಂದ್ರ ಪೂರಾ ಬಿಲ್ ಹಾಕಾಕ ಅವ್ರಿಗೇನು ಹುಚ್ಚಾ?"

"ಮಾತಾಡಿದ್ದು ಸಾವ್ಕಾರ್ರ ಮನಿ ಅವ್ವಾರ್ರಿ."

"ಯಾಕ? ನಿನಗ ಬಾಯಿ ಇದ್ದಿಲ್ಲೇನು?"

ಅಂಗಡಿಯಾಗ ಹತ್ತು ಮಂದಿ ಇದ್ರು. ಎಲ್ಲಾರೂ ಇಕಿ ಕಡೆ ನೋಡಿದ್ರು. ಹುಲುಗಮ್ಮ ತಲಿ ಬಗ್ಗಿಸಿದ್ಲು. ನನಗ ಫೋನ್ ಮುಟ್ಟಾಕ ಬಿಡಲಿಲ್ಲ ಅಂತ ಹೇಳಲಿಲ್ಲ. ನಾಚಿಕಿ ಬಂತು. ಯಾರಿಗೆ ಬರಬೇಕಾದ ನಾಚಿಕಿ, ಯಾರಿಗೆ ಬಂತು ನೋಡ್ರಿ! ಒಳಗ ಸಾಲಾಗಿ ಹಳೇ ಮಿಷನ್ ಇಟ್ಟಿದ್ರು. ಒಂದರ ಗಾಲಿಗೆ ಕೆಂಪು ದಾರ ಇತ್ತು. ಅದನ್ನ ನೋಡ್ಕೊಂತ ಹಿಂದ ಹಿಂದ ಸರದು ಬೀದಿಗೆ ಬಂದ್ಲು.

ಮತ್ತ ನಾಟಿ. ಮತ್ತ ಕೆಸರು. ಆರು ವರ್ಷ ಮಿಷನ್ ತಿರುವಿ ಮೆತ್ತಗಾಗಿದ್ದ ಕಾಲು ನಾಕು ದಿನದಾಗ ಬಿರಿದ್ವು. ಗದ್ದಿ ಬದುವಿನ ಮ್ಯಾಲ ಮೇಸ್ತ್ರಿ, "ಏನಬೇ ಟೇಲರಮ್ಮಾ, ಸಾಲು ಸೊಟ್ಟ ಆತು, ಬಿಚ್ಚಿ ಹೊಲಿ" ಅಂತ ನಗತಿದ್ದ. ಅಕಿ ನಗಲಿಲ್ಲ. ಸಸಿ ಹಚ್ಚಿದ್ಲು.

ನಬೀಸಾಬ್ ಹೇಳಿದ, "ರೇಡಿಯೋದಾಗ ಬಂದಿತ್ತು ಬೇಟಿ. ಗ್ರಾಹಕರಿಗೆ ಅಂತ ಹೊಸಾ ಕಾಯ್ದೆ ಆಗೈತಂತ. ಬಳ್ಳಾರಿಯಾಗ ಅವ್ರ ದೂರು ಕೇಳೋ ವೇದಿಕಿ ಐತಂತ. ಬಿಳೀ ಹಾಳಿ ಮ್ಯಾಲ ಬರದು ಕೊಟ್ರ ಸಾಕಂತ, ವಕೀಲನೂ ಬ್ಯಾಡಂತ."

"ಗ್ರಾಹಕರು ಅಂದ್ರ ಯಾರು ತಾತ?"

"ಅಂಗಡಿಯಾಗ ಕೊಂಡವ್ರು. ನೀನಾ."

ಹುಲುಗಮ್ಮಗ ನಗು ಬಂತು. ಎಷ್ಟೋ ಹೆಸರಿಲೆ ಕರಸ್ಕೊಂಡಿದ್ಲು, ಇದು ಹೊಸಾದು. ಏಳನೇತ್ತದ ಅಕ್ಷರದಾಗ ತಾನಾ ಬರದ್ಲು. ನಾನು ಬ್ಯಾಡ ಅಂದಿದ್ದೆ, ಫೋನ್ ಹಿಡದಿದ್ದ ದಾಕ್ಷಾಯಣಮ್ಮಾರು ಬೇಕು ಅಂದ್ರು. ನನ್ನ ಮಿಷನ್ ಕೊಡಸ್ರಿ. ಇಷ್ಟಾ. ಯಾಕ ಅಕಿ ಫೋನ್ ಹಿಡೀಲಿಲ್ಲ ಅಂತ ಬರೀಲಿಲ್ಲ. ಇನ್ನೂ ನಾಚಿಕಿ.

ಅಂಗಡಿಗೆ ನೋಟೀಸ್ ಹೋತು. ಕೊಟ್ರಬಸಪ್ಪ ವಕೀಲನ್ನ ಇಟ್ಟ. ದಾಕ್ಷಾಯಣಮ್ಮ ಬಂದು ಹೇಳಿಕಿ ಕೊಡಬೇಕು ಅಂತ ಕಾಗದ ಬಂತು. ಆವಾಗ ನೋಡ್ರಿ ತಿಪ್ಪೇರುದ್ರಪ್ಪಗ ನಿದ್ದಿ ಹಾರಿದ್ದು. ಹುಲುಗಮ್ಮ ಮಾತಾಡಿಲ್ಲ ಅಂದ್ರ, ಯಾಕ ಮಾತಾಡಿಲ್ಲ ಅಂತ ಕೇಳ್ತಾರ. ಯಾಕ ಅಂತ ಹೇಳಿದ್ರ ಅದು ಅಸ್ಪೃಶ್ಯತೆ, ಜೇಲಿನ ಮಾತು. ಮೆಂಬರ್‌ಗಿರಿ ಹೋಗ್ತೈತಿ.

ಬಿಳೇ ಜೀಪು ಮೊದಲನೇ ಸಲ ಕೇರಿ ಬಾಗಿಲಿಗೆ ಬಂತು.

"ಹುಲುಗಮ್ಮಾ" ಅಂದ ತಿಪ್ಪೇರುದ್ರಪ್ಪ. ಹುಲುಗಿ ಅನ್ನಲಿಲ್ಲ. "ಕೊಟ್ರಬಸಪ್ಪನ ಕೂಡ ಮಾತಾಡೀನಿ. ನಿನ್ನ ಮಿಷನ್ ತಿರುಗಿ ಕೊಡ್ತಾನ. ಕಂತಿಲ್ಲ ಗಿಂತಿಲ್ಲ. ಅಲ್ಲಿ ರಾಜಿ ಕಾಗದಕ್ಕ ಒಂದು ಸಹಿ ಹಾಕು. ಅವತ್ತು ನಿನಗ ಗಂಟಲು ಬಿದ್ದಿತ್ತು, ಅದಕ್ಕ ನಮ್ಮಾಕಿ ನಿನ್ನ ಪರವಾಗಿ ಮಾತಾಡಿದ್ಲು, ತಿಳವಳಿಕಿ ತಪ್ಪಾತು. ಅಷ್ಟಾ. ಯಾರಿಗೂ ತ್ರಾಸಿಲ್ಲ."

"ನನ್ನ ಗಂಟಲು ಬಿದ್ದಿದ್ದಿಲ್ಲ ರೀ."

"ಗೊತ್ತೈತವ್ವ. ಒಂದು ಮಾತಿಗೆ ನಿನ್ನ ಗಂಟಲೇನು ಹರೀತೈತೇನು?"

ಗಿಡ್ಡಮ್ಮ ಹಿಂದಿನಿಂದ ಮಗಳ ಕೈ ಹಿಡದ್ಲು. ಬೆರಳ ಸಂದಿನ ಹುಣ್ಣು ಸವರಿದ್ಲು. "ಹೂಂ ಅನ್ನಬೇ. ಅನ್ನ ಬರ್ತೈತಿ." ಹುಲುಗಮ್ಮ ಹೂಂ ಅಂದ್ಲು. ಹೌದ್ರಿ, ಅಂದ್ಲು. ಅಕಿ ಕಲ್ಲಲ್ಲ.

ವಿಚಾರಣಿ ವಾಯಿದೆ ದಿನ ಜೀಪಿನಾಗಾ ಕುಂದ್ರಿಸ್ಕೊಂಡು ಹೋದ್ರು. ಸಾವ್ಕಾರ ಮುಂದ, ದಾಕ್ಷಾಯಣಮ್ಮ ನಡುವ, ಹುಲುಗಮ್ಮ ಹಿಂದ. ಅವತ್ತೊಂದಿನ ಮೈಲಿಗಿ ಸೂಟಿ ತಗೊಂಡಿತ್ತು. ವೇದಿಕಿ ನಡಿಯೋ ಕಟ್ಟಡದ ಮುಂದ ಟೆಂಪೋ ನಿಂತಿತ್ತು. ಅದ್ರಾಗ ಅಕಿ ಮಿಷನ್ನು. ಕೆಂಪು ದಾರ ಗಾಳಿಗೆ ಅಲ್ಲಾಡತಿತ್ತು. ಇಬ್ರು ಅದನ್ನ ಎತ್ತಿ ತಂದು ಒಳಗ ಬಾಗಿಲ ಹಂತ್ಯಾಕ ಇಟ್ರು. ಕೈ ಚಾಚಿದ್ರ ಸಿಗಬೇಕು, ಅಷ್ಟು ಹತ್ರ.

ಮ್ಯಾಲ ಅಧ್ಯಕ್ಷರು, ಅತ್ಲಾಗ ಇತ್ಲಾಗ ಇಬ್ರು ಸದಸ್ಯರು, ಅವ್ರಾಗ ಒಬ್ರು ಹೆಣ್ಮಗಳು. ಮೇಜಿನ ಮ್ಯಾಲ ಒಂದು ಕರೀ ಫೋನು. ಅಂಗಡಿ ವಕೀಲ ರಾಜಿ ಕಾಗದ ತಗದ. ಅಧ್ಯಕ್ಷರು, "ಆಯಮ್ಮಗ ಓದಿ ಹೇಳ್ರಿ, ತಿಳೀಲಿ. ಆಮ್ಯಾಲ ಸಹಿ" ಅಂದ್ರು.

ಸಾವ್ಕಾರ ಗಂಟಲುನೋವಿಗೆ ಬಿಟ್ಟಿದ್ರ ಇವತ್ತು ಈ ಕತಿ ಇದ್ದಿದ್ದಿಲ್ಲ. ಆದ್ರ ಹೆದರಿದ ಮನಶ್ಯಾ ನೋಡ್ರಿ, ಹೆಚ್ಚಿಗಿ ಬರಸಿದ್ದ.

ವಕೀಲ ಓದಿದ. "...ಸದರಿ ದಿನ ಹುಲುಗಮ್ಮ ಇವರು ಶ್ರೀಮತಿ ದಾಕ್ಷಾಯಣಮ್ಮನವರ ಮನೆಯ ಪಡಸಾಲೆಯಲ್ಲಿ, ಅವರ ಪಕ್ಕದಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿದ್ದು, ಗಂಟಲು ನೋವಿದ್ದ ಕಾರಣ ದಾಕ್ಷಾಯಣಮ್ಮನವರು ಅವರಿಗೆ ಕುಡಿಯಲು ಬಿಸಿ ಹಾಲು ಕೊಟ್ಟು..."

ಹುಲುಗಮ್ಮ ತಲಿ ಎತ್ತಿದ್ಲು.

ಹಾಲು! ಆ ಹಾಲು! ಯಾವ ಹಾಲು ಉಕ್ಕೀತು ಅಂತ ಅಕಿ ಮಿಷನ್ ಮಾರಿದ್ರೋ ಅದಾ ಹಾಲನ್ನ ಕಾಗದದಾಗ ಅಕಿಗೆ ಕುಡಿಸಿದ್ರು. ಯಾವ ಪಡಸಾಲಿ ನೆರಳು ಸೈತ ಅಕಿ ಮ್ಯಾಲ ಬಿದ್ದಿಲ್ಲೋ ಅಲ್ಲಿ ಚಾಪಿ ಹಾಸಿ ಕುಂದ್ರಿಸಿದ್ರು. ಹುಟ್ಟಿದಾಗಿಂದ ಕೊಡದೇ ಇದ್ದದ್ದನ್ನೆಲ್ಲಾ ಒಂದು ಹಾಳಿ ಮ್ಯಾಲ ಕೊಟ್ಟು, ಕೆಳಗ ಸಹಿ ಮಾಡು ಅಂತ ಪೆನ್ನು ಚಾಚಿದ್ರು.

ಪೆನ್ನು ಕೈಯಾಗ ಬಂತು. ಅಕಿ ಅದನ್ನ ಮೇಜಿನ ಮ್ಯಾಲ ಇಟ್ಲು.

"ನಾ ಸಹಿ ಹಾಕಂಗಿಲ್ಲ ರೀ."

"ಏಯ್!" ಅಂದ ತಿಪ್ಪೇರುದ್ರಪ್ಪ.

"ನನ್ನ ಗಂಟಲು ಚೊಲೋ ಇತ್ತು. ಈಗೂ ಚೊಲೋ ಐತಿ. ನಾ ಫೋನಿನಾಗ ಮಾತಾಡಿಲ್ಲ. ಯಾಕಂದ್ರ ಅವ್ರು ನನಗ ಫೋನ್ ಮುಟ್ಟಾಕ ಬಿಡಂಗಿಲ್ಲ. ನಾನು ಮಾದರಾಕಿ. ನಮ್ಮ ಕೇರಿಯವ್ರು ಯಾರೂ ಮುಟ್ಟಂಗಿಲ್ಲ. ಹೊರಗ ಗಿಡದ ಬುಡಕ ನಿಂತು ಒದರಬೇಕು. ನಾ ಬ್ಯಾಡ ಅಂತ ಒದರಿದೆ. ಅವ್ವಾರು ಬೇಕು ಅಂತ ಹೇಳಿದ್ರು."

ವಕೀಲ ಎದ್ದ. "ಸುಳ್ಳು ಸಾಹೇಬ್ರ. ಬಿಲ್ ಐತಿ. ಅಂಗಡಿಯವ್ರಿಗೆ ಫೋನಿನಾಗ ಬೇಕು ಅಂತ ಕೇಳೈತಿ, ಮಾಲು ಕೊಟ್ಟಾರ. ಯಾರ ದನಿ ಅಂತ ಅವ್ರು ಹೆಂಗ ನೋಡಬೇಕು? ಫೋನಿನ ವ್ಯಾಪಾರಕ್ಕ ಬ್ಯಾರೆ ನಿಯಮ ಅಂತ ಯಾವ್ದೂ ಇಲ್ಲ."

"ಇಲ್ಲಂದ್ರ ಮಾಡ್ರಿ!" ಅಂದ್ಲು ಹುಲುಗಮ್ಮ. "ಮಾತಾಡೋದು ಯಾರು ಅಂತ ಕೇಳ್ರಿ. ಅವ್ರ ಬಾಯಿಂದಾ ಕೇಳ್ರಿ. ಏನು ಕೊಡ್ತೀರಿ, ಏನು ಒಯ್ತೀರಿ ಅಂತ ಕಾಗದ ಕಳಸ್ರಿ. ಬ್ಯಾಡ ಅಂದ್ರ ನಿಮ್ಮ ಮಾಲು ತಿರುಗಿ ಒಯ್ರಿ. ಕಣ್ಣಿಲ್ಲದ ಮುದುಕಿ ಹೆಬ್ಬಟ್ಟು ಒತ್ತಿಸ್ಕೊಬ್ಯಾಡ್ರಿ. ಇದಕ್ಕ ಇಷ್ಟು ದೊಡ್ಡ ಪುಸ್ತಕ ಓದಬೇಕೇನ್ರೀ?"

ವಕೀಲ ನಕ್ಕ. "ಹೊರಗ ನಿಂತು ಒದರಿದಿ ಅಂತೀಯಲ್ಲ, ಎಷ್ಟು ದೂರ? ಅಲ್ಲಿಂದ ಒದರಿದ್ದು ದಾಕ್ಷಾಯಣಮ್ಮಾರಿಗೆ ಕೇಳಿತು ಅಂತ ಏನು ಗ್ಯಾರಂಟಿ?"

ಹುಲುಗಮ್ಮ ಮೇಜಿನ ಮ್ಯಾಲಿನ ಫೋನಿನ ಹತ್ರ ಹೋಗಿ ನಿಂತ್ಲು. ಅಲ್ಲಿಂದ ಹೊಳ್ಳಿದ್ಲು. ಒಂದು ಹೆಜ್ಜಿ. ಎರಡು. ಬಾಯಿಬಿಟ್ಟು ಎಣಿಸ್ಕೊಂತ ನಡದ್ಲು. ಕುರ್ಚಿ ಸಾಲು ದಾಟಿದ್ಲು. ತನ್ನ ಮಿಷನ್ ದಾಟಿದ್ಲು. ಬಾಗಿಲು ದಾಟಿದ್ಲು. ವರಾಂಡದಾಗಿನ ಮಂದಿ ಸರದು ದಾರಿ ಬಿಟ್ರು. ಮೆಟ್ಲಾ ಇಳದ್ಲು. ಹದಿನಾರು, ಹದಿನೇಳು, ಹದಿನೆಂಟು. ಬಿಸಿಲಾಗ ನಿಂತ್ಲು. ಬಳ್ಳಾರಿ ಬಿಸಿಲು, ಕಾಲಾಗ ಚಪ್ಪಲಿ ಇಲ್ಲ.

ಅಲ್ಲಿಂದ ಒದರಿದ್ಲು.

"ಬ್ಯಾಡ!"

ಬೀದ್ಯಾಗ ಸೈಕಲ್ ಹೊಡ್ಕೊಂಡು ಹೊಂಟಾವ ಬ್ರೇಕ್ ಹಿಡದ.

"ಬ್ಯಾಡ್ರೀ ಅವ್ವಾರ! ಬ್ಯಾಡ! ಬ್ಯಾಡ! ಕೇಳತೈತೇನ್ರೀ ವಕೀಲ್ರ? ನಿಮಗ ಕೇಳತೈತೇನ್ರೀ ಸಾಹೇಬ್ರ?"

ಒಳಗ ಆ ಹೆಣ್ಣು ಸದಸ್ಯರು ಮೆಲ್ಲಕ ದಾಕ್ಷಾಯಣಮ್ಮನ್ನ ಕೇಳಿದ್ರು, "ಅವತ್ತು ಹಿಂಗಾ ಕೇಳಿತ್ತೇನಮ್ಮ?"

ದಾಕ್ಷಾಯಣಮ್ಮ ಗಂಡನ ಮಾರಿ ನೋಡಿದ್ಲು. ಆತ ಹಲ್ಲು ಕಡೀತಿದ್ದ. ಅಕಿ ಸೆರಗು ಸರಿಮಾಡ್ಕೊಂಡ್ಲು. ಮೈಮ್ಯಾಲ ಹುಲುಗಮ್ಮ ಹೊಲದ ಜಂಪರಾ ಇತ್ತು.

"ಕೇಳಿತ್ರೀ" ಅಂದ್ಲು.

ಅಧ್ಯಕ್ಷರು ಅದನ್ನ ಬರಸಿದ್ರು. "ಒಳಗ ಬಾರಮ್ಮ" ಅಂತ ಹುಲುಗಮ್ಮನ್ನ ಕರದ್ರು. ರಾಜಿ ಮುರದೈತಿ, ವಿಚಾರಣಿ ಮುಂದುವರಿಸ್ತೀವಿ, ಬರೋ ತಿಂಗಳ ಇಪ್ಪತ್ತೆರಡಕ್ಕ ಬರ್ರಿ ಅಂದ್ರು. ಕಾಯ್ದೆ ಪ್ರಕಾರ ಅದಾ ಸರಿ ಇರಬೇಕು. ಆದ್ರ ಕೊಟ್ರಬಸಪ್ಪನ ಮಂದಿ ಬಂದು ಮಿಷನ್ ಎತ್ತಿ ಮತ್ತ ಟೆಂಪೋಕ್ಕ ಹಾಕಿದ್ರು. ಹುಲುಗಮ್ಮ ಬಾಜೂಕ ನಿಂತು ನೋಡಿದ್ಲು. ದಾರ ಒಮ್ಮಿ ಮುಟ್ಟಿದ್ಲು, ಅಷ್ಟಾ. ಟೆಂಪೋ ಹೋತು.

ಜೀಪೂ ಹೋತು, ಅಕೀನ ಬಿಟ್ಟು. ಬಸ್ಸಿನಾಗ ನಿಂತ್ಕೊಂಡು ಊರಿಗೆ ಬಂದ್ಲು. ಅಕಿ ಬರೋದ್ರಾಗ ಮ್ಯಾಲಿನ ಓಣಿಯವ್ರು ತಮ್ಮ ಲೆಕ್ಕ ಆಗಲೇ ಮುಗಿಸಿದ್ರು. ಮಿಷನ್ ಬಂದ್ರೂ ಇನ್ಮ್ಯಾಲ ನಿನ್ನ ಹತ್ರ ಹೊಲಿಸಂಗಿಲ್ಲ ಅಂತ ಸುದ್ದಿ ಕಳಿಸಿದ್ರು. ಗಿಡ್ಡಮ್ಮ ಬಾಗಿಲಾಗ ಎರಡೂ ಕೈ ಚಾಚ್ಕೊಂಡು ಕುಂತಿದ್ಲು.

"ತಂದ್ಯೇನಬೇ?"

"ಇಲ್ಲಬೇ."

"ಯಾಕ?"

"ನಾನು ಅವ್ರ ಮನ್ಯಾಗ ಹಾಲು ಕುಡದೆ ಅಂತ ಬರದಿದ್ರಬೇ."

ಗಿಡ್ಡಮ್ಮ ಚಾಚಿದ ಕೈ ಮಡಚಿ ಮಡಿಲಾಗ ಇಟ್ಕೊಂಡ್ಲು. ಬೈಯಲಿಲ್ಲ.

ಮರುದಿನ ಮುಂಜಾನಿ ಜೋಗಪ್ಪ ಬಂದ, ಮಗನ್ನ ಕಳ್ಕೊಂಡ ಮುದುಕ. "ಇಪ್ಪತ್ತೆರಡಕ್ಕ ನಾನೂ ಬರ್ತೀನಿ ತಂಗೀ" ಅಂದ. "ಹದಿನೆಂಟು ಹೆಜ್ಜಿ ನನಗೂ ಗೊತ್ತೈತಿ." ಹುಲುಗಮ್ಮ ಸೀರಿ ಮ್ಯಾಲಕ್ಕ ಕಟ್ಕೊಂಡು ನಾಟಿಗೆ ಹೊಂಟ್ಲು. ಹುಣ್ಣು ಇನ್ನೂ ಮಾಯ್ದಿದ್ದಿಲ್ಲ.

ಇಲ್ಲಿತನಕ ಕೇಳಿದ್ರಿ. ಈಗ ನೀವು ಹೇಳ್ರಿ. ಮಿಷನ್ ಬಾಗಿಲಾಗ ಐತಿ, ಕಣ್ಣಿಲ್ಲದ ಅವ್ವ ಮನ್ಯಾಗ ಕಾಯಾಕತ್ಯಾಳ, ಮುಂದ ಕಾಗದ ಐತಿ, ಕೈಯಾಗ ಪೆನ್ನು. ಕುಡೀದೇ ಇದ್ದ ಒಂದು ಲೋಟ ಹಾಲನ್ನ ಕುಡದೆ ಅಂದ್ರ ಸಾಕು. ನೀವಾಗಿದ್ರ ಏನು ಮಾಡ್ತಿದ್ರಿ?